ಕಳಲೆಯ ನಂಜರಾಜಯ್ಯ: ಅಧಿಕಾರ, ಶಿವಭಕ್ತಿ ಮತ್ತು ಗದ್ಯ

ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಖಡ್ಗ ಹಿಡಿದ ಕೈಯೇ ಕಂಠವನ್ನೂ ಹಿಡಿದ ನಿದರ್ಶನಗಳು ವಿರಳವಲ್ಲ. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು 978ರಲ್ಲಿ ತ್ರಿಷಷ್ಟಿಶಲಾಕಾಪುರುಷರ ಚರಿತೆಯನ್ನು ಗದ್ಯದಲ್ಲಿ ರಚಿಸಿದನು. ಹೊಯ್ಸಳ ನರಸಿಂಹ ಬಲ್ಲಾಳನ ಮಂತ್ರಿಯೆಂದು ಪ್ರಸಿದ್ಧನಾದ ಕೆರೆಯ ಪದ್ಮರಸನು 'ದೀಕ್ಷಾಬೋಧೆ'ಯನ್ನು ನಮಗೆ ಕೊಟ್ಟನು. ಪ್ರೌಢದೇವರಾಯನ ದಂಡನಾಯಕನಾಗಿ ದಕ್ಷಿಣ ಸಮುದ್ರದವರೆಗೆ ಅಧಿಕಾರ ನಡೆಸಿದ ಲಕ್ಕಣ್ಣ ದಂಡೇಶನು 'ಶಿವತತ್ತ್ವ ಚಿಂತಾಮಣಿ'ಯೆಂಬ ಮಹಾಗ್ರಂಥದಲ್ಲಿ ಶರಣಸಂಪ್ರದಾಯದ ಸಾರವನ್ನೆಲ್ಲ ಸಂಗ್ರಹಿಸಿಟ್ಟನು. ಈ ಪರಂಪರೆಯ ಕೊನೆಯ ಕಾಲದಲ್ಲಿ, ಹದಿನೆಂಟನೆಯ ಶತಮಾನದ ನಡುವೆ, ಮೈಸೂರು ಸಂಸ್ಥಾನದ ಸರ್ವಾಧಿಕಾರಿಯಾಗಿದ್ದ ಕಳಲೆಯ ನಂಜರಾಜಯ್ಯನು ನಿಲ್ಲುತ್ತಾನೆ. 'ಕರಾಚೂರಿ ನಂಜರಾಜಯ್ಯ'ನೆಂದು ಇತಿಹಾಸದ ಪುಸ್ತಕಗಳಲ್ಲಿ ಹೆಸರಾದವನು ಇವನೇ.

ಇವನ ವಿಷಯದಲ್ಲಿ ಒಂದು ವಿಚಿತ್ರ ನಡೆದಿದೆ. ರಾಜಕೀಯ ಚರಿತ್ರೆ ಬರೆಯುವವರಿಗೆ ಇವನು ಅಧಿಕಾರದಾಹಿಯಾದ ವಿಫಲ ಮಂತ್ರಿ. ಹೈದರಾಲಿಗೆ ದಾರಿ ಮಾಡಿಕೊಟ್ಟವನು. ಸಾಹಿತ್ಯ ಚರಿತ್ರೆ ಬರೆಯುವವರಿಗೆ ಇವನು ಶಿವಭಕ್ತನಾದ ಗದ್ಯಕಾರ, ವಿದ್ವಾಂಸರ ಆಶ್ರಯದಾತ. ಒಬ್ಬರು ಕಂಡುದನ್ನು ಮತ್ತೊಬ್ಬರು ಕಾಣದಂತೆ ಎರಡು ಚರಿತ್ರೆಗಳೂ ಬೆನ್ನುಮಾಡಿ ಕುಳಿತಿವೆ. ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಇತಿಹಾಸದ ಗಂಟೆಯಲ್ಲಿ ಬಂದ ನಂಜರಾಜಯ್ಯನೂ ಕನ್ನಡದ ಗಂಟೆಯಲ್ಲಿ ಬಂದ ನಂಜರಾಜನೂ ಒಬ್ಬನೇ ಎಂಬುದು ಅನೇಕ ವಿದ್ಯಾರ್ಥಿಗಳಿಗೆ ತಿಳಿದೇ ಇರಲಿಲ್ಲವೆಂಬುದನ್ನು ಕಂಡಿದ್ದೇನೆ. ಒಬ್ಬನೇ ಮನುಷ್ಯನ ನಡೆಯನ್ನೂ ನುಡಿಯನ್ನೂ ಹೀಗೆ ಬೇರೆಬೇರೆ ಕೋಣೆಗಳಲ್ಲಿಟ್ಟು ಬೀಗ ಹಾಕುವುದು ವಚನಗಳನ್ನು ಓದಿದವರಿಗೆ ಒಪ್ಪುವ ಮಾತಲ್ಲ. ಆದ್ದರಿಂದ ಎರಡನ್ನೂ ಒಂದೆಡೆ ಇರಿಸಿ ನೋಡುವ ಪ್ರಯತ್ನ ಪ್ರಕೃತ ಲೇಖನದ್ದು.

ಮೊದಲು ಅಧಿಕಾರದ ಕಥೆ. ನಂಜನಗೂಡಿಗೆ ಸಮೀಪದ ಕಳಲೆಯ ಅರಸು ಮನೆತನಕ್ಕೂ ಮೈಸೂರಿನ ಒಡೆಯರಿಗೂ ಹಿಂದಿನಿಂದ ರಕ್ತಸಂಬಂಧವಿತ್ತು. ದಳವಾಯಿಯ ಪದವಿ, ಎಂದರೆ ಸೈನ್ಯದ ಮುಖ್ಯಾಧಿಪತ್ಯ, ಈ ಮನೆತನದವರಿಗೆ ಸಲ್ಲತಕ್ಕದ್ದೆಂಬ ಒಡಂಬಡಿಕೆ ರಾಜ ಒಡೆಯರ ಕಾಲದಿಂದ ಬಂದುದೆಂದು ಪ್ರತೀತಿ. ಚಿಕ್ಕದೇವರಾಜ ಒಡೆಯರಂಥ ಪ್ರಬಲ ಪ್ರಭುಗಳು ಸಿಂಹಾಸನದಲ್ಲಿದ್ದಾಗ ದಳವಾಯಿ ಸೇವಕನಾಗಿಯೇ ಇದ್ದನು. ಅವರ ಅನಂತರ ದೊರೆತನ ದುರ್ಬಲವಾದಂತೆ ದಳವಾಯಿಯೇ ಪ್ರಭುವಾದನು. 1734ರಲ್ಲಿ ಏಳನೆಯ ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿ, ಬಾಲಕನಾದ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟದಲ್ಲಿ ಕೂರಿಸಿದವರು ಈ ಮನೆತನದವರೇ. ದಳವಾಯಿ ದೇವರಾಜಯ್ಯನ ತಮ್ಮನಾದ ನಂಜರಾಜಯ್ಯನು 1739ರ ಸುಮಾರಿಗೆ ಸರ್ವಾಧಿಕಾರಿಯಾದನು. ಅಣ್ಣನ ಕೈಯಲ್ಲಿ ದಂಡು, ತಮ್ಮನ ಕೈಯಲ್ಲಿ ಬೊಕ್ಕಸ ಹಾಗೂ ಆಡಳಿತ. ಕೆಲವು ವರ್ಷಗಳಲ್ಲಿ ತಮ್ಮನೇ ದಂಡಿನ ಮುಂದಾಳುವೂ ಆದನು; ಮಗಳನ್ನು ದೊರೆಗೆ ಕೊಟ್ಟು ಮಾವನೂ ಆದನು.

1749ರಲ್ಲಿ ದೇವನಹಳ್ಳಿಯ ಮುತ್ತಿಗೆ ನಡೆಯಿತು. ನಂಜರಾಜಯ್ಯನ ದಂಡಿನಲ್ಲಿ ಅಂದು ಸಾಮಾನ್ಯ ಸವಾರನಾಗಿ ಕಾಣಿಸಿಕೊಂಡ ಹೈದರಾಲಿಯ ಧೈರ್ಯವನ್ನು ಮೆಚ್ಚಿ ಐವತ್ತು ಕುದುರೆ, ಇನ್ನೂರು ಕಾಲಾಳುಗಳ ನಾಯಕತ್ವವನ್ನು ಅವನಿಗೆ ಕೊಡಲಾಯಿತು. ಆ ಕ್ಷಣದಲ್ಲಿ ಅದೊಂದು ಸಣ್ಣ ನೇಮಕ. ಮುಂದೆ ಸಂಸ್ಥಾನದ ಗತಿಯನ್ನೇ ತಿರುಗಿಸಿದ್ದೂ ಅದೇ.

ಅನಂತರದ್ದು ತಿರುಚಿನಾಪಳ್ಳಿಯ ಪ್ರಸಂಗ. ಆರ್ಕಾಟಿನ ನವಾಬಗಿರಿಗಾಗಿ ಮಹಮ್ಮದಾಲಿಗೂ ಚಂದಾಸಾಹೇಬನಿಗೂ ಕಲಹ ನಡೆದಿದ್ದಾಗ, ನೆರವಿಗೆ ಬಂದರೆ ತಿರುಚಿನಾಪಳ್ಳಿಯನ್ನೇ ಒಪ್ಪಿಸುವೆನೆಂದು ಮಹಮ್ಮದಾಲಿಯು ಮೈಸೂರಿಗೆ ಮಾತು ಕೊಟ್ಟನು. ಅಣ್ಣ ದೇವರಾಜಯ್ಯನಿಗೆ ಈ ಸಾಹಸ ಬೇಡವಾಗಿತ್ತು. ತಮ್ಮನು ಕೇಳದೆ 1752ರಲ್ಲಿ ದೊಡ್ಡ ಸೇನೆಯೊಡನೆ ಘಟ್ಟವಿಳಿದನು. ಅದೇ ವರ್ಷ ಜೂನ್ ತಿಂಗಳಲ್ಲಿ ಚಂದಾಸಾಹೇಬನು ಹತನಾದನು. ಕೆಲಸ ಮುಗಿದ ಮೇಲೆ ಮಹಮ್ಮದಾಲಿಯು ಕೊಟ್ಟ ಮಾತನ್ನು ನುಂಗಿದನು. ನಂಜರಾಜಯ್ಯನು ಕಾವೇರಿಯ ನಡುಗಡ್ಡೆಯಾದ ಶ್ರೀರಂಗದ ಬಳಿಯಲ್ಲಿ ಬೀಡುಬಿಟ್ಟು, ಪಕ್ಷ ಬದಲಿಸಿ ಫ್ರೆಂಚರೊಡನೆ ಕೂಡಿ, 1755ರವರೆಗೆ ಆ ಕೋಟೆಗಾಗಿ ಹೆಣಗಿ, ಕಡೆಗೆ ಬರಿಗೈಯಲ್ಲಿ ಹಿಂದಿರುಗಿದನು. ಅವನು ದೂರದಲ್ಲಿದ್ದಾಗಲೇ ನಿಜಾಮ ಸಲಾಬತ್ ಜಂಗನು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣದ ಮೇಲೆ ಬಂದನು. 56 ಲಕ್ಷದ ಪೊಗದಿಗೆ ಒಪ್ಪಬೇಕಾಯಿತು. ಅದರ ಒಂದು ಭಾಗವನ್ನು ತೀರಿಸುವುದಕ್ಕೆ ಅರಮನೆಯ ಒಡವೆಗಳೂ ದೇವಾಲಯಗಳ ಆಭರಣಗಳೂ ಹೋದವು. 1757ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನು ಬಂದನು. ಅವನಿಗೆ 32 ಲಕ್ಷ ಒಪ್ಪಿ, ಕೈಯಲ್ಲಿ ಅಷ್ಟು ಹಣವಿಲ್ಲದೆ ಅನೇಕ ತಾಲ್ಲೂಕುಗಳನ್ನು ಒತ್ತೆಯಿಡಬೇಕಾಯಿತು.

ಇವೆರಡು ವಿಪತ್ತುಗಳ ನಡುವೆ, 1756ರಲ್ಲಿ, ಅರಮನೆಯ ಘಟನೆ ಸಂಭವಿಸಿತು. ದೊರೆಯು ಸಹೋದರರ ಹಿಡಿತದಿಂದ ಬಿಡಿಸಿಕೊಳ್ಳಲು ಯತ್ನಿಸಿದಾಗ ನಂಜರಾಜಯ್ಯನು ಅರಮನೆಯ ಬಾಗಿಲಿಗೆ ಫಿರಂಗಿ ಹಾಯಿಸಿ ಒಳನುಗ್ಗಿ, ದೊರೆಯ ಪಕ್ಷದವರ ಕಿವಿಮೂಗುಗಳನ್ನು ಅವನ ಎದುರಿನಲ್ಲೇ ಕೊಯ್ಯಿಸಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಅಣ್ಣ ದೇವರಾಜಯ್ಯನಿಗೂ ಇದು ಸಹಿಸದೆ ಅವನು ರಾಜಧಾನಿ ಬಿಟ್ಟು ಸತ್ಯಮಂಗಲಕ್ಕೆ ಹೊರಟುಹೋದನು. 1758ರಲ್ಲಿ ಸಂಬಳ ಕಾಣದ ಸಿಪಾಯಿಗಳು ಸರ್ವಾಧಿಕಾರಿಯ ಬಾಗಿಲಲ್ಲಿ ಧರಣಿ ಕುಳಿತರು. ಅವರ ಬಾಕಿಯನ್ನು ಇತ್ಯರ್ಥ ಮಾಡಿದವನು ಹೈದರಾಲಿ. ಅಣ್ಣತಮ್ಮಂದಿರು ಮತ್ತೆ ಒಂದಾದರೂ ಅದೇ ವರ್ಷ ಅಣ್ಣ ತೀರಿಕೊಂಡನು. 1759ರಲ್ಲಿ, ಅದೇ ಸಂಬಳದ ಬಾಕಿಯ ನೆಪದಲ್ಲಿ, ಹೈದರನು ನಂಜರಾಜಯ್ಯನನ್ನು ಅಧಿಕಾರದಿಂದ ಇಳಿಸಿದನು. ಮೈಸೂರಿಗೂ ಅಲ್ಲಿಂದ ಕೊಣನೂರಿಗೂ ಸರಿದು ಅವನು ಜಹಗೀರಿನ ಆದಾಯದಲ್ಲಿ ಕಾಲ ಕಳೆಯಬೇಕಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಖಂಡೇರಾಯನು ತಿರುಗಿಬಿದ್ದು ಹೈದರನು ಎಲ್ಲವನ್ನೂ ಕಳೆದುಕೊಂಡಿದ್ದಾಗ, 1761ರಲ್ಲಿ, ಅವನು ಬಂದು ಬಿದ್ದದ್ದು ಕೊಣನೂರಿನಲ್ಲಿ ಇದೇ ನಂಜರಾಜಯ್ಯನ ಪಾದದ ಮೇಲೆ. ತನ್ನನ್ನು ಇಳಿಸಿದವನಿಗೆ ನಂಜರಾಜಯ್ಯನು ಆಶ್ರಯವನ್ನೂ ತನ್ನ ಹೆಸರಿನ ಬಲವನ್ನೂ ಕೊಟ್ಟನು. ಅವನ ಮುದ್ರೆಯಿದ್ದ ಸುಳ್ಳು ಪತ್ರಗಳಿಂದಲೇ ಖಂಡೇರಾಯನು ಮೋಸಹೋದನು. ಹೈದರನು ಸರ್ವಸ್ವವನ್ನೂ ವಶಪಡಿಸಿಕೊಂಡ ಮೇಲೆ ನಂಜರಾಜಯ್ಯನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡು ಕಾವಲಿನಲ್ಲಿಟ್ಟನು. 1773ರ ಸುಮಾರಿಗೆ ಅವನು ಮೃತನಾದನು.

ಈ ವೃತ್ತಾಂತದ ಬಹುಭಾಗ ನಮಗೆ ತಿಳಿದಿರುವುದು ಮಾರ್ಕ್ ವಿಲ್ಕ್ಸ್‌ನ ಗ್ರಂಥದಿಂದ. ಅದರ ಮೊದಲ ಸಂಪುಟ 1810ರಲ್ಲಿ ಹೊರಬಂದಿತು. ವಿಲ್ಕ್ಸ್ ಕಂಪನಿಯ ಸೈನ್ಯಾಧಿಕಾರಿ, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು. ಒಡೆಯರ ಮನೆತನವನ್ನು ಮತ್ತೆ ಪಟ್ಟಕ್ಕೆ ತಂದ ಕಂಪನಿಗೆ, ದಳವಾಯಿಗಳು ದ್ರೋಹಿಗಳಾಗಿ ಕಾಣುವುದು ಅನುಕೂಲವೇ ಆಗಿತ್ತು. ಸಿ. ಹಯವದನರಾಯರು ತಮ್ಮ ಮೈಸೂರು ಚರಿತ್ರೆಯ ಸಂಪುಟಗಳಲ್ಲಿ ದೇಶೀಯ ಆಧಾರಗಳನ್ನೂ ಕೂಡಿಸಿ ಈ ಚಿತ್ರವನ್ನು ಸಾಕಷ್ಟು ತಿದ್ದಿದರು. ಆದರೂ ತಿರುಚಿನಾಪಳ್ಳಿಯ ವ್ಯರ್ಥವೆಚ್ಚ, ಬೊಕ್ಕಸದ ಬರಿದಾಗುವಿಕೆ, ಸಿಪಾಯಿಗಳ ಬಾಕಿ ಎಂಬ ಮೂರು ಸಂಗತಿಗಳು ಯಾರ ಲೇಖನಿಯಿಂದಲೂ ಅಳಿಯುವಂಥವಲ್ಲ. ವಿಮರ್ಶಕನು ಆಧಾರವಾಗಿಟ್ಟುಕೊಳ್ಳಬೇಕಾದುದು ಇಷ್ಟನ್ನೇ. ಉಳಿದ ಕ್ರೌರ್ಯದ ವಿವರಗಳನ್ನು ಬರೆದವನ ಹೆಸರಿನೊಡನೆಯೇ ಹೇಳುವುದು ನ್ಯಾಯ.

ಇನ್ನು ಕೃತಿಗಳ ವಿಚಾರ. ಕಳಲೆಯ ವೀರರಾಜನ ಮಗನೆಂದು ತನ್ನನ್ನು ಪರಿಚಯಿಸಿಕೊಳ್ಳುವ ಈ ಸರ್ವಾಧಿಕಾರಿಯ ಹೆಸರಿನಲ್ಲಿ ಅನೇಕ ಕನ್ನಡ ಗದ್ಯಗ್ರಂಥಗಳು ಸಲ್ಲುತ್ತವೆ. ಶಿವಗಂಗೆಯ ಮಹಿಮೆಯನ್ನು ಹೇಳುವ 'ಕಕುದ್ಗಿರಿ ಮಾಹಾತ್ಮ್ಯ', ಮಧುರೆಯ ಸುಂದರೇಶ್ವರನ ಅರವತ್ತುನಾಲ್ಕು ಲೀಲೆಗಳನ್ನೊಳಗೊಂಡ 'ಹಾಲಾಸ್ಯ ಮಾಹಾತ್ಮ್ಯ', ಶಿವಭಕ್ತರ ಹಿರಿಮೆಯನ್ನು ನಿರೂಪಿಸುವ 'ಶಿವಭಕ್ತಿ ಮಾಹಾತ್ಮ್ಯ', ಅವನ ಮನೆತನದ ಆರಾಧ್ಯಕ್ಷೇತ್ರವಾದ ನಂಜನಗೂಡನ್ನು ಕುರಿತ ಗರಳಪುರಿಯ ಮಹಿಮೆ ಇವುಗಳಲ್ಲಿ ಮುಖ್ಯವಾದವು. ಜಯದೇವನ ಗೀತಗೋವಿಂದದ ಮಾದರಿಯಲ್ಲಿ ಶಿವಪರವಾಗಿ ರಚಿತವಾದ 'ಸಂಗೀತಗಂಗಾಧರ'ವೆಂಬ ಸಂಸ್ಕೃತ ಗೇಯಕೃತಿಯೂ ಅವನದೇ ಹೆಸರಿನಲ್ಲಿದೆ.

ಇವನ್ನೆಲ್ಲ ಅವನೇ ಬರೆದನೆ? ಆಸ್ಥಾನದ ಪಂಡಿತರು ಬರೆದು ಪ್ರಭುವಿನ ಹೆಸರಿಟ್ಟರೆ? ಅರಸರ ಹೆಸರಿನಲ್ಲಿರುವ ಗ್ರಂಥಗಳೆಲ್ಲಕ್ಕೂ ಈ ಪ್ರಶ್ನೆ ಸಮಾನ. ಇಲ್ಲಿಯ ವಿವೇಚನೆಗೆ ಅದರ ಉತ್ತರ ಅನಿವಾರ್ಯವಲ್ಲ. ತಾನೇ ಬರೆದಿದ್ದರೆ ಅವು ಅವನ ಮಾತು. ಬರೆಸಿದ್ದರೆ ತನ್ನ ಮಾತೆಂದು ಅವನು ಲೋಕಕ್ಕೆ ಒಪ್ಪಿಸಿದ ಮಾತು. ಎರಡು ಪಕ್ಷದಲ್ಲಿಯೂ ಆಯ್ಕೆ ಅವನದೇ. ಯಾವ ಕ್ಷೇತ್ರ, ಯಾವ ಪುರಾಣ, ಯಾವ ಶೈಲಿ ಎಂಬ ನಿರ್ಧಾರದಲ್ಲಿ ಮನುಷ್ಯನ ಒಲವು ತಿಳಿಯದೆ ಇರದು.

ಭಾಷೆಯ ದೃಷ್ಟಿಯಿಂದ ಈ ಗ್ರಂಥಗಳಿಗೆ ಸಲ್ಲಬೇಕಾದ ಗೌರವವನ್ನು ಮೊದಲೇ ಸಲ್ಲಿಸಿಬಿಡಬೇಕು. ಷಟ್ಪದಿ, ಸಾಂಗತ್ಯಗಳ ರೂಢಿ ಬಲವಾಗಿದ್ದ ಕಾಲದಲ್ಲಿ ಸಂಸ್ಕೃತ ಪುರಾಣದ ಕಥೆಯನ್ನು ಕನ್ನಡ ಗದ್ಯದಲ್ಲಿ ಹೇಳುವುದು ಸಾಮಾನ್ಯ ಕಾರ್ಯವಲ್ಲ. ಪದ್ಯವನ್ನು ಬಿಡಿಸಿ ಅರ್ಥ ಹೇಳಲು ಗಮಕಿ ಬೇಕು, ವ್ಯಾಖ್ಯಾನಕಾರ ಬೇಕು. ಗದ್ಯಕ್ಕೆ ಅಕ್ಷರ ಬಲ್ಲವನೊಬ್ಬ ಜಗಲಿಯ ಮೇಲೆ ಕುಳಿತು ಓದಿದರೆ ಸಾಕು, ಸುತ್ತ ಕುಳಿತವರಿಗೆ ಕಥೆ ತಿಳಿಯುತ್ತದೆ. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯಾದಿಗಳು ಬೆಳೆಸಿದ ಗದ್ಯ, ನಂಜರಾಜಯ್ಯನ ಶೈವ ಪುರಾಣಗಳನ್ನು ಹಾದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ವಿಪುಲ ಗದ್ಯಕ್ಕೆ ಬಂದು ಕೂಡುತ್ತದೆ. ಈ ಸೇತುವೆಯ ನಡುಗಂಬವಾಗಿ ನಂಜರಾಜಯ್ಯನ ಸ್ಥಾನ ಭದ್ರವಾಗಿದೆ.

ಇವನನ್ನು ಕುರಿತು ಇತರರು ಬರೆದುದೂ ಇದೆ. 'ಅಭಿನವ ಕಾಳಿದಾಸ'ನೆಂಬ ಬಿರುದಿನ ನರಸಿಂಹಕವಿಯು 'ನಂಜರಾಜಯಶೋಭೂಷಣ'ವೆಂಬ ಸಂಸ್ಕೃತ ಅಲಂಕಾರಗ್ರಂಥವನ್ನು ರಚಿಸಿದನು. ವಿದ್ಯಾನಾಥನು ಓರಂಗಲ್ಲಿನ ಪ್ರತಾಪರುದ್ರನ ಹೆಸರಿನಲ್ಲಿ ಬರೆದ ಗ್ರಂಥವೇ ಇದಕ್ಕೆ ಮಾದರಿ. ನಾಯಕಲಕ್ಷಣದಿಂದ ಮೊದಲುಗೊಂಡು ಅಲಂಕಾರಗಳವರೆಗೆ ಎಲ್ಲ ಉದಾಹರಣೆಗಳೂ ನಂಜರಾಜನ ಸ್ತುತಿಯೇ. ನಾಟಕಲಕ್ಷಣಕ್ಕೆ ಲಕ್ಷ್ಯವಾಗಿ ಸೇರಿಸಿದ 'ಚಂದ್ರಕಲಾಕಲ್ಯಾಣ'ದಲ್ಲಿ ನಾಯಕನೂ ಅವನೇ. 1930ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದು ಅಚ್ಚಾಯಿತು. ಶಾಸ್ತ್ರಗ್ರಂಥವಾಗಿ ಅದರ ಬೆಲೆ ಏನೇ ಇರಲಿ, ವಿಮರ್ಶಕನಿಗೆ ಅದು ಇನ್ನೊಂದು ವಿಷಯವನ್ನು ಹೇಳುತ್ತದೆ. ಕಾಕತೀಯ ಪ್ರಭುವಿನ ಹೆಸರಿದ್ದ ಸ್ಥಳದಲ್ಲಿ ಮೈಸೂರಿನ ಸರ್ವಾಧಿಕಾರಿಯ ಹೆಸರನ್ನಿಟ್ಟರೆ ಉದಾಹರಣೆ ಸಿದ್ಧವಾಗುತ್ತದೆ. ವೀರರಸಕ್ಕೆ ಗೆಲವು ಬೇಕು, ಗೆಲವು ಬಂದಿತೋ ಇಲ್ಲವೋ ಎಂಬುದು ಲಕ್ಷಣಕಾರನ ಚಿಂತೆಯಲ್ಲ. ಪಟ್ಟಾಭಿಷಿಕ್ತ ದೊರೆ ಅರಮನೆಯಲ್ಲಿ ಕುಳಿತಿರುವಾಗ ಅವನ ಮಂತ್ರಿಯನ್ನು ನಾಯಕನನ್ನಾಗಿ ಮಾಡಿದ ಈ ಗ್ರಂಥವೇ ಆ ಕಾಲದ ಮೈಸೂರಿನ ರಾಜಕೀಯಕ್ಕೆ ಒಳ್ಳೆಯ ಸಾಕ್ಷಿ.

ಸ್ತುತಿಕಾರರ ಮಾತು ಹಾಗಿರಲಿ; ಸ್ವಂತ ಹೆಸರಿನ ಕೃತಿಗಳಲ್ಲಿ ನಂಜರಾಜಯ್ಯನು ಏನನ್ನು ಹೇಳಿದ್ದಾನೆ? ಈ ಪ್ರಶ್ನೆಗೆ 'ಹಾಲಾಸ್ಯ ಮಾಹಾತ್ಮ್ಯ'ದಷ್ಟು ಉಚಿತವಾದ ಕೃತಿ ಬೇರೊಂದಿಲ್ಲ. ತಮಿಳುನಾಡಿನ ಕೋಟೆಯೊಂದರ ಮುಂದೆ ಮೂರು ವರ್ಷ ದಂಡು ಹೂಡಿ ಸೋತುಬಂದವನು, ಆ ನಾಡಿನ ಮಹಾಕ್ಷೇತ್ರದ ಕಥೆಗಳನ್ನು ಕನ್ನಡಕ್ಕೆ ತಂದನೆಂಬುದೇ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿ. ಖಡ್ಗದಿಂದ ದಕ್ಕದ ದೇಶ ಲೇಖನಿಗೆ ದಕ್ಕಿತು.

ಆ ಅರವತ್ತುನಾಲ್ಕು ಲೀಲೆಗಳ ಕೊನೆಯ ಭಾಗದಲ್ಲಿ ಮಂತ್ರಿಯೊಬ್ಬನ ಕಥೆ ಬರುತ್ತದೆ. ತಮಿಳರು ಮಾಣಿಕ್ಕವಾಚಕರೆಂದು ಪೂಜಿಸುವ ಈ ಮಹನೀಯರು ಪಾಂಡ್ಯರಾಜನ ಮಂತ್ರಿ. ಸೈನ್ಯಕ್ಕೆ ಕುದುರೆಗಳನ್ನು ಕೊಂಡುತರಲು ಅರಸನು ಬೊಕ್ಕಸದಿಂದ ಅಪಾರ ದ್ರವ್ಯ ಕೊಟ್ಟು ಕಳುಹಿಸುತ್ತಾನೆ. ದಾರಿಯಲ್ಲಿ ಪೆರುಂದುರೈ ಎಂಬಲ್ಲಿ ಶಿವನೇ ಗುರುವಾಗಿ ದರ್ಶನವಿತ್ತಾಗ ಮಂತ್ರಿಯು ಸೈನ್ಯದ ಹಣವನ್ನೆಲ್ಲ ಶಿವಾಲಯಕ್ಕೂ ಭಕ್ತರಿಗೂ ವಿನಿಯೋಗಿಸಿಬಿಡುತ್ತಾನೆ. ಕುದುರೆ ಎಲ್ಲಿ ಎಂದು ಅರಸನು ಕೇಳಿ ಸೆರೆಯಲ್ಲಿಡುತ್ತಾನೆ. ಶಿವನು ನರಿಗಳನ್ನು ಕುದುರೆಗಳನ್ನಾಗಿ ಮಾಡಿ ತಾನೇ ಸವಾರರ ಮುಖಂಡನಾಗಿ ತಂದೊಪ್ಪಿಸುತ್ತಾನೆ. ರಾತ್ರಿ ಕಳೆಯುವಷ್ಟರಲ್ಲಿ ಅವು ಮತ್ತೆ ನರಿಗಳಾಗುತ್ತವೆ. ಮಂತ್ರಿಗೆ ಹಿಂಸೆ, ವೈಗೈ ನದಿಗೆ ಪ್ರವಾಹ. ಮುದುಕಿಯೊಬ್ಬಳ ಪಾಲಿನ ಏರಿ ಕಟ್ಟಲು ಹಿಟ್ಟಿನ ತಿಂಡಿಯ ಕೂಲಿಗೆ ಶಿವನೇ ಆಳಾಗಿ ಬರುತ್ತಾನೆ. ಕೆಲಸಗಳ್ಳನೆಂದು ಅರಸನು ಹೊಡೆದ ಏಟು ಅರಸನೂ ಸೇರಿ ಸಕಲ ಜೀವಿಗಳ ಬೆನ್ನಿನ ಮೇಲೆ ಬೀಳುತ್ತದೆ.

ಮಂತ್ರಿ, ಬೊಕ್ಕಸ, ಸೈನ್ಯದ ಹಣ, ಲೆಕ್ಕ ಕೇಳುವ ದೊರೆ, ಸೆರೆ ಎಂಬ ಈ ಐದನ್ನೂ ತನ್ನ ಬಾಳಿನಲ್ಲಿಯೇ ಕಂಡವನ ಹೆಸರಿನಲ್ಲಿ ಈ ಕಥೆಯ ಕನ್ನಡ ಗದ್ಯ ನಿಂತಿದೆ. ವ್ಯತ್ಯಾಸವಾದರೋ ಬಹಳ ದೊಡ್ಡದು. ಮಧುರೆಯ ಮಂತ್ರಿ ಸೈನ್ಯದ ಹಣವನ್ನು ಶಿವನಿಗೆ ಸಲ್ಲಿಸಿ ಸೆರೆಗೆ ಹೋದನು. ಶ್ರೀರಂಗಪಟ್ಟಣದ ಮಂತ್ರಿ ದಂಡಯಾತ್ರೆಗೆ ಬೊಕ್ಕಸವನ್ನು ಬರಿದುಮಾಡಿದನು, ಪೊಗದಿ ತೆರಲು ಕಡೆಗೆ ಶಿವಾಲಯದ ಒಡವೆಯೂ ಹೋಗಬೇಕಾಯಿತು. ಕಥೆಯು ಹೇಳುವವನನ್ನೇ ಎದುರು ನಿಲ್ಲಿಸಿ ಕೇಳಬಹುದಾಗಿದ್ದ ಪ್ರಶ್ನೆಯಿದು. ಆದರೆ ಮಾಹಾತ್ಮ್ಯದ ಚೌಕಟ್ಟಿನಲ್ಲಿ ಅದು ಕೇಳಿಸುವುದಿಲ್ಲ. ಸೂತನು ಶೌನಕಾದಿಗಳಿಗೆ ಹೇಳುತ್ತಾನೆ. ಪಾಪ, ತೀರ್ಥ, ದರ್ಶನ, ಫಲಶ್ರುತಿ ಎಂಬ ಕ್ರಮದಲ್ಲಿ ಕಥೆ ಸಾಗುತ್ತದೆ. ಕೇಳಿದವರಿಗೂ ಬರೆದವರಿಗೂ ಬರೆಸಿದವರಿಗೂ ಪುಣ್ಯ ಹಂಚಿಕೆಯಾಗಿ ಮುಗಿಯುತ್ತದೆ. ವೃತ್ರನನ್ನು ಕೊಂದ ಇಂದ್ರನ ಪಾಪವೂ ಅಲ್ಲಿಯೇ ತೊಳೆದುಹೋಗುತ್ತದೆ. ಇಂಥ ಚೌಕಟ್ಟಿನಲ್ಲಿ ಪಾಪವು ಎಂದೂ ಪುರಾಣಪುರುಷರದು, ಹೇಳುವವನದಲ್ಲ.

ಅದೇ ಮಾಣಿಕ್ಕವಾಚಕರು ಸ್ವತಃ ಹಾಡಿದ 'ತಿರುವಾಚಕ'ವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ನರಿಯೂ ಕುದುರೆಯೂ ಹಿಂದೆ ಸರಿದು ನಿಲ್ಲುತ್ತವೆ. ಕೇಳಿಸುವುದು 'ನಾನು' ಎಂಬ ಒಂದು ಜೀವದ ಅಳಲು, ಅಯೋಗ್ಯತೆಯ ಅರಿವು, ಕರಗುವಿಕೆ. ಮಂತ್ರಿಯಾಗಿದ್ದವನ ಬದುಕು ಪುರಾಣದಲ್ಲಿ ಪವಾಡವಾಗಿದೆ, ಅವನದೇ ಹಾಡಿನಲ್ಲಿ ಆತ್ಮಶೋಧನೆಯಾಗಿದೆ. ನಂಜರಾಜಯ್ಯನು ಆಯ್ದುಕೊಂಡುದು ಮೊದಲನೆಯದನ್ನು.

ಶರಣ ಸಾಹಿತ್ಯದ ಓದುಗರಿಗೆ ಇಲ್ಲಿ ಬಸವಣ್ಣನವರ ನೆನಪು ತಾನಾಗಿಯೇ ಬರುತ್ತದೆ. ಅವರೂ ಭಂಡಾರಿಗಳು, ಬಿಜ್ಜಳನ ಬೊಕ್ಕಸವನ್ನು ಕಾದವರು. ರಾಜದ್ರವ್ಯವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯ ಮಂಚಣ್ಣ ದೂರಿತ್ತ ಕಥೆ, ಲೆಕ್ಕ ನೋಡಿದಾಗ ಒಂದು ಹಣವೂ ಕಡಮೆಯಾಗಿರಲಿಲ್ಲವೆಂಬ ಕಥೆ ನಮ್ಮ ಪುರಾಣಗಳಲ್ಲಿ ಪ್ರಸಿದ್ಧ. ಪುರಾಣಕಾರನು ಪವಾಡದಿಂದ ಲೆಕ್ಕ ಒಪ್ಪಿಸುತ್ತಾನೆ. ಆದರೆ ಬಸವಣ್ಣನವರೇ ತಮ್ಮ ವಚನಗಳಲ್ಲಿ ಒಪ್ಪಿಸುವ ಲೆಕ್ಕ ಬೇರೆ ಬಗೆಯದು. ಪರರ ಸೇವೆಯಲ್ಲಿರುವ ತಮ್ಮ ಸ್ಥಿತಿಯನ್ನೂ, ಮನಸ್ಸಿನ ಚಂಚಲತೆಯನ್ನೂ, ನುಡಿಗೂ ನಡೆಗೂ ಬೀಳಬಹುದಾದ ಅಂತರವನ್ನೂ ಅವರು ಪ್ರಥಮಪುರುಷದ ಮರೆಯಿಲ್ಲದೆ ಉತ್ತಮಪುರುಷದಲ್ಲಿಯೇ ಕೂಡಲಸಂಗಮದೇವನ ಮುಂದೆ ತೆರೆದಿಡುತ್ತಾರೆ. ಅಧಿಕಾರದಲ್ಲಿ ಕುಳಿತವನು ತನ್ನನ್ನು ತಾನೇ ವಿಚಾರಣೆಗೆ ಗುರಿಪಡಿಸಿಕೊಳ್ಳುವ ಮಾತಿನ ರೀತಿಯೊಂದು ಕನ್ನಡದಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಸಿದ್ಧವಾಗಿತ್ತು. ಅದೂ ಗದ್ಯಕ್ಕೆ ಸಮೀಪವಾದ ರೂಪದಲ್ಲಿ.

ನಂಜರಾಜಯ್ಯನು ಶರಣಧರ್ಮದವನಲ್ಲ, ಅವನದು ಕ್ಷೇತ್ರ, ತೀರ್ಥ, ಪುರಾಣಗಳ ಶೈವ. ವಚನದ ಮಾದರಿಯನ್ನು ಅವನಿಂದ ಅಪೇಕ್ಷಿಸುವುದು ಅನ್ಯಾಯವೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಕ್ಕೆ ಬಲವಿದೆ. ಆದರೆ ಉತ್ತಮಪುರುಷದ ಗದ್ಯ ಅವನದೇ ಸಂಸ್ಥಾನದಲ್ಲಿ, ಅವನ ಕಾಲಕ್ಕೆ ಎರಡು ತಲೆಮಾರುಗಳಷ್ಟೇ ಹಿಂದೆ ಬಂದಿತ್ತು. ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿರುವ 'ಚಿಕದೇವರಾಜ ಬಿನ್ನಪ'ವು ಯದುಗಿರಿಯ ನಾರಾಯಣನಿಗೆ ಅರಸನೊಬ್ಬನು ಮಾಡಿಕೊಂಡ ಅರಿಕೆಗಳ ಗದ್ಯಗ್ರಂಥ. ಅದರಲ್ಲಿ ಶ್ರೀವೈಷ್ಣವ ತತ್ತ್ವಬೋಧೆಯ ಪಾಲು ಹೆಚ್ಚೆಂಬುದು ನಿಜ. ಆದರೂ ದೇವರ ಮುಂದೆ ಕೈಮುಗಿದು 'ನಾನು' ಎನ್ನುವ ಭಂಗಿ ಅಲ್ಲಿದೆ. ಅರಮನೆಯ ಗದ್ಯಕ್ಕೆ ಅರಿಕೆಯ ಧ್ವನಿ ಅಪರಿಚಿತವಾಗಿರಲಿಲ್ಲ. ಅದನ್ನು ಬಿಟ್ಟು ಸೂತಪುರಾಣಿಕನ ಧ್ವನಿಯನ್ನು ನಂಜರಾಜಯ್ಯನು ಆರಿಸಿಕೊಂಡನು. ಆಯ್ಕೆಯೇ ಇಲ್ಲದವನ ಮೌನವಲ್ಲ ಇದು.

ಪುರಾತನರ ಕಥೆಗಳಲ್ಲಿಯೂ ದಂಡನಾಯಕನಿಗೆ ಒಂದು ಕನ್ನಡಿ ಇತ್ತು. ಕನ್ನಡದ ಸಂಪ್ರದಾಯದಲ್ಲಿ ಕಂಚಿಯ ಸೆಟ್ಟಿಯಾಗಿ ಬರುವ ಸಿರಿಯಾಳನು ತಮಿಳಿನ ಪೆರಿಯಪುರಾಣದಲ್ಲಿ ಸಿರುತ್ತೊಂಡರ್. ಮೂಲತಃ ಪರಂಜೋತಿಯೆಂಬ ಸೇನಾಪತಿ, ನಮ್ಮ ವಾತಾಪಿಯನ್ನು ಧ್ವಂಸ ಮಾಡಿ ಬಂದ ಪಲ್ಲವ ದಂಡಿನವನು. ಅವನು ಶಿವಭಕ್ತನೆಂದು ತಿಳಿದ ಅರಸನು, ಇಂಥವನಿಂದ ಯುದ್ಧಸೇವೆ ಪಡೆದೆನಲ್ಲಾ ಎಂದು ನೊಂದು, ಗೌರವದಿಂದ ಬಿಡುಗಡೆ ಮಾಡಿದನಂತೆ. ಆ ಪುರಾಣವನ್ನು ಬರೆದ ಸೇಕ್ಕಿಳಾರನೂ ಚೋಳರ ಮಂತ್ರಿಯೇ. ನಮ್ಮ ಹರಿಹರನು ಕರಣಿಕ ವೃತ್ತಿಯನ್ನು ತೊರೆದು ಹಂಪೆಗೆ ನಡೆದನೆಂಬುದು ಐತಿಹ್ಯ. ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ನಡೆದರು. ಶೈವ ಸಾಹಿತ್ಯದಲ್ಲಿ ಅಧಿಕಾರಕ್ಕೂ ಭಕ್ತಿಗೂ ಸಂಬಂಧ ಬಂದಾಗಲೆಲ್ಲ ಈ ಬಿಡುಗಡೆಯ ಘಟ್ಟವೊಂದು ಬರುತ್ತದೆ. ನಂಜರಾಜಯ್ಯನ ಬಾಳಿನಲ್ಲಿ ಆ ಘಟ್ಟ ಬಂದುದು ಅವನ ಇಚ್ಛೆಯಿಂದಲ್ಲ, ಸಿಪಾ‌ಯಿಗಳ ಬಾಕಿ ಪಟ್ಟಿಯಿಂದ.

ಹಾಗಾದರೆ ಅವನ ಶಿವಭಕ್ತಿ ಕಪಟವೆ? ಇಲ್ಲಿ ವಿಮರ್ಶೆ ಎಚ್ಚರ ತಪ್ಪಬಾರದು. ಸೋತವನ ಭಕ್ತಿಯನ್ನು ಡಂಭವೆಂದೂ ಗೆದ್ದವನ ಭಕ್ತಿಯನ್ನು ಧರ್ಮವೆಂದೂ ಕರೆಯುವುದು ಲೋಕದ ರೂಢಿ, ಅದು ವಿವೇಕವಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ದೇವಾಲಯ ಇಂದು ಕಾಣುವ ವಿಸ್ತಾರಕ್ಕೆ ಬೆಳೆದದ್ದರಲ್ಲಿ ಈ ನಂಜರಾಜಯ್ಯನ ಪಾಲು ದೊಡ್ಡದು. ಮುಂದೆ ದಿವಾನ್ ಪೂರ್ಣಯ್ಯನವರೂ ಮುಮ್ಮಡಿ ಕೃಷ್ಣರಾಜ ಒಡೆಯರೂ ಅದನ್ನು ಹೆಚ್ಚಿಸಿದರು. ತನ್ನ ಹೆಸರಿನಲ್ಲಿಯೇ ಇರುವ ನಂಜುಂಡನ ಮೇಲೆ ಅವನಿಗಿದ್ದ ಶ್ರದ್ಧೆಯನ್ನು ಸಂದೇಹಿಸಲು ಕಾರಣವಿಲ್ಲ. ಅಧಿಕಾರ ಕಳೆದುಕೊಂಡು ಕೊಣನೂರಿನಲ್ಲಿ ಕುಳಿತಿದ್ದಾಗ, ತನ್ನನ್ನು ಕೆಡಹಿದವನೇ ಕಾಲಿಗೆ ಬಿದ್ದಾಗ ಅವನು ಕೊಟ್ಟ ಆಶ್ರಯದಲ್ಲಿ ಮರಳಿ ಪದವಿ ದೊರೆಯುವ ಆಸೆ ಇದ್ದಿರಬಹುದು. ಶರಣಾಗತನನ್ನು ಹೊರದೂಡಬಾರದೆಂಬ ಶಿವಭಕ್ತನ ಸಂಸ್ಕಾರವೂ ಇದ್ದಿರಬಹುದು. ಮನುಷ್ಯನ ಅಂತರಂಗದಲ್ಲಿ ಇವೆರಡೂ ಒಂದೇ ಕ್ಷಣದಲ್ಲಿ ಇರಲಾರವೆಂದು ವಚನಗಳನ್ನು ಬಲ್ಲ ಯಾರೂ ಹೇಳಲಾರರು.

ಆದ್ದರಿಂದ ನಮ್ಮ ತೀರ್ಮಾನ ಕಪಟದ್ದಲ್ಲ, ಅಪೂರ್ಣತೆಯದು. ನಂಜರಾಜಯ್ಯನ ಭಕ್ತಿ ಅವನ ಅಧಿಕಾರದ ಪಕ್ಕದಲ್ಲಿ ಬೆಳೆಯಿತು. ಅಧಿಕಾರದ ಒಳಹೊಕ್ಕು ಅದನ್ನು ಪ್ರಶ್ನಿಸಲಿಲ್ಲ. ಬೆಳಿಗ್ಗೆ ಪೂಜೆಗೆ ಕುಳಿತ ಕೈಯೇ ಮಧ್ಯಾಹ್ನ ಆಜ್ಞೆಗೆ ಮುದ್ರೆಯೊತ್ತುವಾಗ, ಒಂದರ ನೆನಪು ಇನ್ನೊಂದಕ್ಕೆ ತಟ್ಟಿದ ಗುರುತು ಅವನ ಗದ್ಯದಲ್ಲಿ ಸಿಗುವುದಿಲ್ಲ. ಶಬ್ದಸಂಪತ್ತು ಇತ್ತು, ಪಾಂಡಿತ್ಯದ ನೆರವಿತ್ತು, ಬಾಳಿನ ಅನುಭವವಂತೂ ಬೇರೊಬ್ಬ ಗದ್ಯಕಾರನಿಗೆ ಇರದಷ್ಟು ಇತ್ತು. ಮಾತು ಕೊಟ್ಟು ತಪ್ಪಿದ ಮಿತ್ರ, ತೊರೆದುಹೋದ ಅಣ್ಣ, ಬಾಗಿಲಲ್ಲಿ ಹಸಿದು ಕುಳಿತ ಸಿಪಾಯಿ, ತಾನೇ ಬೆಳೆಸಿದ ಸವಾರನ ಕೈಯಲ್ಲಿ ಸೆರೆ ಎಂಬ ಇವುಗಳಲ್ಲಿ ಒಂದಾದರೂ ಅವನ ಲೇಖನಿಗೆ ಇಳಿದಿದ್ದರೆ ಕನ್ನಡ ಗದ್ಯಕ್ಕೆ ಅಪೂರ್ವವಾದ ಗ್ರಂಥವೊಂದು ದೊರೆಯುತ್ತಿತ್ತು. ಅಧಿಕಾರಿಯು ಬರೆದ ಭಕ್ತಿಗ್ರಂಥಗಳು ನಮಗೆ ದೊರೆತವು; ಭಕ್ತನು ಬರೆದ ಅಧಿಕಾರದ ಕಥೆ ದೊರೆಯಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಅವನ ಮಾಹಾತ್ಮ್ಯಗಳನ್ನು ಓದಬೇಕು. ಹೊಸಗನ್ನಡ ಗದ್ಯ ಹೇಗೆ ಮೈತಳೆಯಿತೆಂಬುದನ್ನು ಅರಿಯಲು ಅವು ಅಗತ್ಯವಾದ ಆಕರಗಳು. ಓದುವಾಗ ತಿರುಚಿನಾಪಳ್ಳಿಯ ವರ್ಷಗಳನ್ನು ಮರೆಯಬಾರದು. ಭಕ್ತರಾದ ಓದುಗರು ಅವನನ್ನು ಶಿವಭಕ್ತರ ಸಾಲಿನಿಂದ ಹೊರಹಾಕುವ ಅವಸರವನ್ನೂ, ಗ್ರಂಥ ಬರೆಸಿದನು, ಗೋಪುರ ಕಟ್ಟಿಸಿದನು ಎಂಬಷ್ಟಕ್ಕೇ ಮೆರೆಸುವ ಅವಸರವನ್ನೂ ಬಿಡಬೇಕು. ಅಧಿಕಾರದಲ್ಲಿರುವವರು ದೇವಾಲಯಕ್ಕೆ ಕಾಣಿಕೆ ಕೊಟ್ಟಾಗ, ಧರ್ಮಗ್ರಂಥಕ್ಕೆ ತಮ್ಮ ಹೆಸರಿಟ್ಟಾಗ, ಸಭೆಯಲ್ಲಿ ಭಕ್ತಿಯ ಮಾತನಾಡಿದಾಗ ನಾವು ಕೈಮುಗಿಯುವುದು ಇಂದಿಗೂ ಉಂಟು. ಕೈಮುಗಿಯುವುದು ತಪ್ಪಲ್ಲ. ಅವರ ಬಾಗಿಲಲ್ಲಿ ಬಾಕಿ ಸಂಬಳಕ್ಕಾಗಿ ಯಾರಾದರೂ ಕುಳಿತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡುವುದೂ ಶರಣರು ಕಲಿಸಿದ ಕ್ರಮವೇ ಆಗಿದೆ.